ಬಾಯಿ ಬಿಡ್ರಿ

ಹಲ್ಲು ಕೀಳಿಸಲು ಪುಣೆಯ ಸ್ವಾರಗೇಟ ಹತ್ತಿರದ ದವಾಖಾನೆಯ ಕುರ್ಚಿಯಲ್ಲಿ ಒರಗಿದ್ದೆ. ಕೂಗಾಡಿ ಮಾನ ಕಳೆದುಕೊಳ್ಳಬಾರದೆಂದು ಮನೆಯಲ್ಲೇ ನಿರ್ಧರಿಸಿ ಬಂದಿದ್ದೆ. ಧಾರವಾಡದ ಡಾಕ್ಟರರು ಇಕ್ಕಳ ಹಿಡಿದು, "ಬಾಯಿ ಬಿಡ್ರಿ" ಎಂದರು. ನನಗೆ ಕಿಸಕ್ಕನೆ ನಗು ಬಂತು.

ಏನು ಮಾಡಲಿ ಹೇಳಿ, ಇದೇ ಎರಡು ಪದ ಬರೆದು ಒಮ್ಮೆ ಚಾಳಿನಲ್ಲಿ ಜಗಳ ಎಬ್ಬಿಸಿದವಳು ನಾನು. ತೊಂಬತ್ತರ ದಶಕದ ಕೊನೆ. ಮಾರ್ಕೆಟ್ ಯಾರ್ಡ್ ಹಿಂದೆ, ಕನ್ನಡದವರೇ ತುಂಬಿದ್ದ ಚಾಳಿನ ಸಾಲುಮನೆಗಳಲ್ಲಿ ನಮ್ಮ ಮನೆ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಸೇರಿ, ಹೆಂಡತಿಗೆ ಹೊಡೆಯುವ ಚಟವನ್ನು ಚಾಳಿನಿಂದ ಓಡಿಸಿಯೇ ಬಿಡುತ್ತೇವೆಂದು ಮಂಡಳಿ ಕಟ್ಟಿದ್ದೆವು. ಬೀದಿನಾಟಕ ಆಡಿದರೆ ಗಂಡನ ಪಾತ್ರದವನ ಮೀಸೆ ಉದುರಿಬಿತ್ತು; ಜನ ಅದನ್ನೇ ನೆನೆದು ವಾರಗಟ್ಟಲೆ ನಕ್ಕರು. ಪಕ್ಕದ ಮನೆಯ ಭಾಗವ್ವ ಮಾತ್ರ ನಗಲಿಲ್ಲ. ಮೂಟೆ ಹೊರುವ ಅವಳ ಗಂಡ ಸಿದ್ದಪ್ಪ ಹೊಡೆಯುವ ಸದ್ದು ಗೋಡೆಯ ಈಚೆಗೆ ಕೇಳುತ್ತಿತ್ತು. ಅವಳ ದನಿ ಒಮ್ಮೆಯೂ ಕೇಳುತ್ತಿರಲಿಲ್ಲ. ನನಗೆ ಅದೇ ಸಂಕಟ.

ನೀರಿನ ನಳದ ಎದುರಿನ ಗೋಡೆಗೆ "ಹೊಡತ ತಿಂದು ಸುಮ್ಮನಿರಬ್ಯಾಡ್ರಿ, ಬಾಯಿ ಬಿಡ್ರಿ" ಎಂದು ಬರೆಯಲು ಹೋದೆ. ಅಷ್ಟುದ್ದಕ್ಕೆ ಗೋಡೆ ಸಾಲದೆ ಕೊನೆಯ ಎರಡೇ ಪದ ಉಳಿಸಿಕೊಂಡೆ, ದಪ್ಪ ಅಕ್ಷರದಲ್ಲಿ.

ಮರುದಿನ ಸಿದ್ದಪ್ಪ ಉರಿದುಕೊಂಡು ಬಂದ. ಪುಣೆಯ ಮರಾಠಿ ಅವನ ಕನ್ನಡವನ್ನು ಅರ್ಧ ತಿಂದಿತ್ತು; ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು ತಾನೆ?

"ಏನವಾ ಶಾಣ್ಯಾಕಿ, ನಮ್ಮ ಬಾಯೀನ್ನ ನಾ ಯಾಕ ಬಿಡ್ಲಿ? ಸಂಸಾರ ಒಡ್ಯಾಕ ನಿಂತೀರೇನು?"

ನಳದ ಬಳಿ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಭಾಗವ್ವನೂ ಸೆರಗು ಅಡ್ಡ ಹಿಡಿದು ನಕ್ಕಳು. ನಮ್ಮ ಸುಧಾರಣೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಆ ಭಾನುವಾರ ಮತ್ತೆ ಗೋಡೆಯಾಚೆ ಸದ್ದು. ಹಿಂದೆಯೇ, ಮೊದಲ ಸಲ, ಭಾಗವ್ವನ ದನಿ: "ಬಾಯೀನ್ನ ಬಿಡೋ!"

ಓಡಿದೆ, ಮಂಡಳಿಯವರೂ ಬಂದರು. ಬಾಗಿಲು ತಳ್ಳಿದರೆ ಅವಳ ಕೂದಲು ಅವನ ಮುಷ್ಟಿಯಲ್ಲಿ. "ಬಾಯಿ ಬಿಡ್ರಿ!" ಎಂದು ಕೂಗಿದೆವು. ನಕ್ಕಿದ್ದ ಚಾಳೆಲ್ಲ ಹೊರಬಂದು ಅದನ್ನೇ ಕೂಗಿತು. ಸಿದ್ದಪ್ಪ ಕೂದಲು ಬಿಟ್ಟ.

ಭಾಗವ್ವ ತುರುಬು ಕಟ್ಟುತ್ತ ನಮ್ಮ ಪಕ್ಕಕ್ಕೆ ಬಂದು ನಿಂತಳು. "ಇನ್ನೊಮ್ಮಿ ಕೈ ಎತ್ತಿ ನೋಡು, ಈ ಬಾಯೀನೇ ನಿನ್ನ ಬಿಡ್ತಾಳ."

ತಿಂಗಳೊಳಗೆ ಅವನು ಎತ್ತಿದ. ಅವಳು ಬಿಟ್ಟಳು. ಇಂದಾಪುರದ ತಂಗಿಯ ಮನೆಗೆ ಹೊರಟವಳನ್ನು ಸ್ವಾರಗೇಟದಲ್ಲಿ ಬಸ್ಸು ಹತ್ತಿಸಿದವರು ನಾವೇ.

"ನೋವಾದ್ರ ಸುಮ್ನ ಕೈ ಎತ್ರಿ," ಎಂದರು ಡಾಕ್ಟರರು.

"ಕೈ ಎತ್ತಂಗಿಲ್ರಿ," ಎಂದೆ.

ಇಕ್ಕಳ ಬಿಗಿಯಿತು. ಹೊರಗೆ ಕೂತವರೆಲ್ಲ ಎದ್ದು ನಿಲ್ಲುವ ಹಾಗೆ ಕೂಗಿದೆ.