ಕಿವಿಯೊಳಗಿನ ಬೆಳಕು, ಕಾಲಡಿಯ ಮರ

ನವೆಂಬರ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಹಾಜರಿದ್ದವರು ನಾನು, ಮಗಳು ಸುವರ್ಣಾ, ಮತ್ತು ಕಿವಿಯೊಳಗೆ ದೀಪ ಇಟ್ಟುಕೊಂಡಿದ್ದ ಒಂದು ಕಿವುಡು ಇಲಿ.

ಜರ್ಮನಿಯ ಈ ಊರಿನಲ್ಲಿ ಮಗಳ ಜೊತೆ ನಮಗಿದು ಎರಡನೆಯ ಚಳಿಗಾಲ. ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ ನನಗೆ ಇಲ್ಲಿಯ ಶಿಸ್ತು ಹಿಡಿಸಿತು. ಡಾಕ್ಟರನ್ನು ಕಾಣಲೂ ‘ಟೆರ್ಮಿನ್’ ಬೇಕು, ಅಂದರೆ ಮೊದಲೇ ಗೊತ್ತುಮಾಡಿದ ವೇಳೆ. ನಮ್ಮಲ್ಲಿ ದವಾಖಾನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಸರದಿ ಹಿಡಿದಂತೆ. ಹಿಡಿಸದೇ ಇದ್ದದ್ದು ಮಾತಿಲ್ಲದ ಬೀದಿಗಳು. ಹೆಂಡತಿ ಕಸ್ತೂರಿಗೆ ಎಲ್ಲ ಬೀದಿಯೂ ಹಾಗೆಯೇ. ಊರಲ್ಲಿದ್ದಾಗಲೇ ಜ್ವರ ಬಂದು ಅವಳ ಎರಡೂ ಕಿವಿ ಹೋಗಿದ್ದವು. ತುಟಿ ನೋಡಿ ಮಾತು ತಿಳಿಯುತ್ತಾಳೆ.

ವಿದ್ಯುತ್ತಿನಿಂದ ನಡೆಯುವ ಶ್ರವಣ ಉಪಕರಣವನ್ನು ಕಿವಿಯೊಳಗೆ ಕೂರಿಸಲು ಆಸ್ಪತ್ರೆಯವರು ಟೆರ್ಮಿನ್ ಕೊಟ್ಟಿದ್ದರು. ಆ ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಹೂಂ ಅನ್ನದಿದ್ದರೆ ಅದು ಬೇರೆಯವರ ಪಾಲು. ತಡ ಮಾಡಿದಷ್ಟೂ ಫಲ ಕಡಿಮೆ ಎಂದೂ ಎಚ್ಚರಿಸಿದ್ದರು. ತಡೆಹಿಡಿದವನು ನಾನು. ಇಲ್ಲಿಗೆ ಬಂದ ಮೇಲೆ, ನಾನು ಹಿಂದಿನಿಂದ ಬಂದರೂ ಕಸ್ತೂರಿ ತಿರುಗಿ ನೋಡುತ್ತಿದ್ದಳು. ಅವಳಿಗೆ ಏನೂ ಕೇಳಿಸುತ್ತಿಲ್ಲ ಎಂದು ಡಾಕ್ಟರ ಯಂತ್ರ ತೋರಿಸಿದರೂ ನಾನು ಕಣ್ಣಾರೆ ಕಂಡದ್ದನ್ನೇ ನಂಬಿದೆ. ತಾನಾಗಿ ತೆರೆಯುತ್ತಿರುವ ಕಿವಿಗೆ ಕತ್ತಿ ಹಚ್ಚುವುದೇಕೆ? ಬಸವಕಲ್ಯಾಣದಲ್ಲಿರುವ ನಾದಿನಿಗೂ ಕಿವಿ ಬಂದ ಸುದ್ದಿ ಮುಟ್ಟಿಸಿಬಿಟ್ಟಿದ್ದೆ.

ಸುವರ್ಣಾಳ ಪ್ರಯೋಗಾಲಯದಲ್ಲಿ ಕಿವುಡು ಇಲಿಗಳ ಶ್ರವಣನರವನ್ನು ಬೆಳಕಿಗೆ ಎಚ್ಚರಗೊಳ್ಳುವಂತೆ ಮಾರ್ಪಡಿಸುತ್ತಾರೆ. ಕೂದಲೆಳೆಯಂಥ ತಂತುವಿನಲ್ಲಿ ಬೆಳಕು ಮಿನುಗಿದರೆ ಇಲಿಗೆ ಸದ್ದು ಕೇಳಿದಂತಾಗಿ, ಅದು ಪೆಟ್ಟಿಗೆಯ ಆಚೆ ಬದಿಗೆ ಹೋಗುತ್ತದೆ. ಅದನ್ನು ತೋರಿಸಲೆಂದೇ ಮಗಳು ಅಪ್ಪಣೆ ಪಡೆದು ನನ್ನನ್ನು ಕರೆದೊಯ್ದಿದ್ದಳು.

ಬೇರೆಯವರ ಮನೆ ಹೊಗುವ ಮೊದಲು ಚಿಲಕ ಬಡಿದು ಕೆಮ್ಮುವುದು ನಮ್ಮ ಕಡೆಯ ರೂಢಿ. ಕೈ ಸುಮ್ಮನಿರಲಿಲ್ಲ. ಪೆಟ್ಟಿಗೆಯ ಚಿಲಕ ಬಡಿದು ಕೆಮ್ಮಿದೆ. ಇಲಿ ಗಕ್ಕನೆ ತಿರುಗಿತು.

“ಕೇಳ್ತು ನೋಡವ್ವಾ!”

“ಅಪ್ಪಾಜಿ, ದೀಪ ಇನ್ನಾ ಹಚ್ಚಿಲ್ರಿ. ನೀವು ಬಡದದ್ದು ಅದರ ಕಾಲಿಗಿ ಗೊತ್ತಾಗ್ಯದ.”

ನಾನು ನನ್ನ ಬೂಟುಗಾಲು ನೋಡಿಕೊಂಡೆ. ಹುಮನಾಬಾದಿನ ಮನೆಗೆ ಶಹಾಬಾದ್ ಕಲ್ಲಿನ ನೆಲ. ಎಷ್ಟು ಜೋರಾಗಿ ನಡೆದರೂ ಅದುರುವುದಿಲ್ಲ. ಇಲ್ಲಿಯ ಮನೆಗೆ ಮರದ ಹಲಗೆ.

“ಈ ಬೆಳಕು ನಿಮ್ಮವ್ವಗ ಹಚ್ಚಾಕ ಬರಂಗಿಲ್ಲೇನು?”

“ಇನ್ನಾ ಮನಷ್ಯಾರತನಾ ಬಂದಿಲ್ರಿ. ಯಾವಾಗ ಬರ್ತದ, ನಾ ಹ್ಯಾಂಗ ಹೇಳ್ಲಿ?”

ಮನೆಗೆ ಬಂದು ಬೂಟು ಬಿಚ್ಚಿದೆ. ಬೆಕ್ಕಿನ ಹಾಗೆ ನಡೆದು, ರೊಟ್ಟಿ ಬೇಯಿಸುತ್ತಿದ್ದ ಕಸ್ತೂರಿಯ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕೂಗಿದೆ. ಮತ್ತೆ ಕೂಗಿದೆ. ಅವಳು ರೊಟ್ಟಿ ತಿರುವಿ ಹಾಕಿದಳು.

ಎದುರಿಗೆ ಹೋಗಿ ಎಲ್ಲ ಹೇಳಿದೆ. ನಕ್ಕುಬಿಟ್ಟಳು.

“ಕಿವಿ ಬಂದಾವಂತ ನಿಮಗ್ಯಾರು ಹೇಳ್ಯಾರ? ನಿಮ್ಮ ಕಾಲು ಬಸ್ ಬಂದಂಗ ಬರ್ತಾವ. ನನಗ ಒಮ್ಮೆರ ಕೇಳೀರೇನು?”

ಕೇಳಿರಲಿಲ್ಲ. ಈಗ ಕೇಳಿದೆ.

“ಮಾಡಸ್ರಿ. ಅಂಜಿಕಿ ಅದ, ಆದ್ರ ಮಾಡಸ್ರಿ.”

ಉಪಕರಣ ಹದಗೊಳಿಸಲು ಮತ್ತೆ ಮತ್ತೆ ಇದೇ ಆಸ್ಪತ್ರೆಗೆ ಬರಬೇಕು, ಊರಿಗೆ ಮರಳುವ ಮಾತು ದೂರವಾಯಿತು ಎಂದೆ. ಅವಳು ಒಲೆ ಆರಿಸಿದಳು.

“ಊರಾಗ ನೀವು ಬಂದದ್ದು ಗೊತ್ತೇ ಆಗ್ತಿದ್ದಿಲ್ಲ. ಇಲ್ಲಿ ಗೊತ್ತಾಗ್ತದ. ಆದ್ರ ಇಲ್ಲಿ ನೀವು ಬಿಟ್ರ ಬರೋರು ಯಾರದಾರ?”

ಹನ್ನೆರಡಕ್ಕೆ ಮೊದಲು ಸುವರ್ಣಾಳಿಂದ ಆಸ್ಪತ್ರೆಗೆ ಫೋನ್ ಮಾಡಿಸಿದೆ. ಟೆರ್ಮಿನ್ ಉಳಿಯಿತು. ಸಂಜೆ ನಾದಿನಿಗೆ ಫೋನ್ ಹಚ್ಚಿ, ಅವಳ ಅಕ್ಕನಿಗೆ ಏನೂ ಕೇಳಿಸುತ್ತಿಲ್ಲವೆಂದು ಹೇಳಿ ಮುಗಿಸಿದೆ.