ನೋಡಿ ಹೇಳಬೇಕಾದ ಉತ್ತರ

ಸ್ಕ್ರೂಡ್ರೈವರಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳಿ ಇದೆ. ಉಕ್ಕು ಒಂದು ಕ್ಷಣ ಕರಗಿ ಮತ್ತೆ ಗಟ್ಟಿಯಾದರೆ ಉಳಿಯುವಂಥ ಗುಳಿ. ಕಳೆದ ಶನಿವಾರ ಸಂಜೆ ಅದನ್ನು ಕೈಗೆತ್ತಿಕೊಂಡಾಗ ಮೇಜಿನ ಮೇಲಿನ ಹಳೆಯ ಮಿಲಿಟರಿ ರೇಡಿಯೋ ಇನ್ನೂ ಬೆಚ್ಚಗಿತ್ತು. ಕಾದ ದೂಳು, ಕರಗಿದ ಮೇಣ... ಬೆಳಗಾವಿಯ ನಮ್ಮ ಓಣಿಯಲ್ಲಿ ಆ ವಾಸನೆ ಒಂದೇ ಮನೆಯಿಂದ ಬರುತ್ತಿತ್ತು. ಬಾಜೂ ಮನೆಯ ಕಾಕಾನ ಮನೆಯಿಂದ.

ಅವರು ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತರಾದವರು. ಗುಜರಿಗೆ ಬಂದ ಮಿಲಿಟರಿ ರೇಡಿಯೋಗಳನ್ನು ಹವ್ಯಾಸಿಗಳು ದೂರದೂರದಿಂದ ಅವರ ಬಳಿ ತರುತ್ತಿದ್ದರು. ನಾನಾಗ ಇಂಜಿನಿಯರಿಂಗ್ ಓದುತ್ತಿದ್ದೆ. ಹಳೆಯ ರೇಡಿಯೋಗಳೊಳಗಿನ ಗಾಜಿನ ವಾಲ್ವುಗಳನ್ನು ಕಾಲೇಜಿನ ಪುಸ್ತಕದಲ್ಲಷ್ಟೇ ನೋಡಿದ್ದೆ. ಅವು ಕೆಂಪಗೆ ಉರಿಯುವುದನ್ನು ನೋಡಲೆಂದು ಹೋದವಳು ಅಲ್ಲಿಯೇ ಕುಳಿತು ಕಲಿಯತೊಡಗಿದೆ.

"ಸೀದಾ ಪ್ಲಗ್ಗಿಗೆ ಹಚ್ಚಬ್ಯಾಡ್ರಿ ಬಾಯಾರ," ಎಂದು ಮೊದಲ ದಿನವೇ ತಡೆದಿದ್ದರು. "ಎಷ್ಟೋ ವರ್ಷ ಮಲಗಿದ್ದು ಅದು. ಎಬ್ಬಿಸಿದ ಕೂಡ್ಲೇ ಓಡಂದ್ರ ಓಡತೈತೇನು?" ನಡುವೆ ಒಂದು ಬಲ್ಬು ಜೋಡಿಸಿ ಕರೆಂಟು ಕೊಡುತ್ತಿದ್ದರು. ಬಲ್ಬು ಜೋರಾಗಿ ಉರಿದರೆ ಒಳಗೆಲ್ಲೋ ಶಾರ್ಟ್ ಇದೆ ಎಂದರ್ಥ. ಕತ್ತಲಲ್ಲಿ ಹೊಳೆಯಲೆಂದು ಡಯಲಿನ ಮುಳ್ಳಿಗೆ ಬಳಿದ ಬಣ್ಣದಲ್ಲಿ ರೇಡಿಯಂ ಇರುತ್ತದೆಂದು ಅದರ ಗಾಜನ್ನು ಯಾರಿಗೂ ಬಿಚ್ಚಗೊಡುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಅವರು ಹೆದರುತ್ತಿದ್ದದ್ದು ಕಂಡೆನ್ಸರುಗಳಿಗೆ. ಪ್ಲಗ್ ಕಿತ್ತ ಮೇಲೂ ಅವು ಕರೆಂಟನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತವೆ. ಅದನ್ನು ಇಳಿಸಲು ಕಾಕಾ ಒಂದು ಬಿದಿರು ಕಡ್ಡಿಗೆ ರೆಸಿಸ್ಟರ್ ಮತ್ತು ತಂತಿ ಕಟ್ಟಿಟ್ಟಿದ್ದರು. ತಂತಿಯ ಒಂದು ತುದಿ ರೇಡಿಯೋದ ಕಬ್ಬಿಣಕ್ಕೆ, ಇನ್ನೊಂದು ಕಂಡೆನ್ಸರಿಗೆ. ಒಳಗುಳಿದ ಕರೆಂಟನ್ನು ತೋರಿಸುವ ಮೀಟರಿನ ಮುಳ್ಳು ಸೊನ್ನೆಗೆ ಇಳಿದ ಮೇಲೂ ಅವರು ಕೈ ಹಾಕುತ್ತಿರಲಿಲ್ಲ. "ಸತ್ತೈತೇನು?" ಎಂದು ಗಟ್ಟಿಯಾಗಿ ಕೇಳುತ್ತಿದ್ದರು. ಮನೆಯಲ್ಲಿದ್ದ ಇನ್ನೊಬ್ಬರು ಬಂದು, ಮೀಟರು ನೋಡಿ, "ಸತ್ತೈತ್ರಿ" ಅನ್ನಬೇಕು. ಸೈನ್ಯದಿಂದ ತಂದ ರೂಢಿಯೋ, ಅವರದೇ ಕಟ್ಟಳೆಯೋ... ನಾನು ಕೇಳಲಿಲ್ಲ.

ಬಹುಪಾಲು ಉತ್ತರಿಸುತ್ತಿದ್ದವರು ಕಾಕು, ಅವರ ಹೆಂಡತಿ. "ಮುಂಜಾನೆದ್ದು ಸತ್ತೈತಿ ಸತ್ತೈತಿ ಅಂತ ಒದರೂದು ಛಲೋ ಕಾಣತೈತೇನ್ರೀ? ಓಣ್ಯಾಗಿನ ಮಂದಿ ಹೂವಿನ ಹಾರ ತಗೊಂಡು ಬಂದಾರು!" ಎಂದು ರೇಗಿಸುತ್ತಿದ್ದರು.

"ಬರಲಿ ಬಿಡು. ಚಾ ಮಾಡಿ ಕೊಡು," ಎನ್ನುತ್ತಿದ್ದರು ಕಾಕಾ.

ವರ್ಷಗಳು ಕಳೆದಂತೆ ಕಾಕು ಅಡುಗೆಮನೆಯಿಂದಲೇ ಉತ್ತರಿಸತೊಡಗಿದರು. ರೊಟ್ಟಿ ಬಡಿಯುತ್ತ, ತಲೆ ಎತ್ತದೆ, "ಸತ್ತೈತ್ರಿ". ಅದೇ ಹೊತ್ತಿಗೆ ಕಾಕಾ ಮರೆಯಲು ಶುರುಮಾಡಿದ್ದರು. ಹಣೆಯ ಮೇಲಿನ ಕನ್ನಡಕವನ್ನೇ ಹುಡುಕುತ್ತಿದ್ದರು. ಕೇಳಿದ್ದನ್ನೇ ಕೇಳುತ್ತಿದ್ದರು...

ಒಂದು ಮಧ್ಯಾಹ್ನ ನಾನು ಅವರ ಗೇಟು ತೆಗೆಯುತ್ತಿದ್ದಾಗ ಒಳಗಿನಿಂದ ಎಂದಿನ ಪ್ರಶ್ನೆ ಕೇಳಿಸಿತು, ಎಂದಿನ ಉತ್ತರವೂ ಕೇಳಿಸಿತು. ಆಮೇಲೆ ಪಟಾಕಿ ಸಿಡಿದಂಥ ಸದ್ದು. ಹೋಗಿ ನೋಡಿದರೆ ಕಾಕಾ ಸ್ಟೂಲಿನ ಸಮೇತ ನೆಲಕ್ಕೆ ಬಿದ್ದಿದ್ದರು. ಬಲ ಮಣಿಕಟ್ಟು ತಿರುಚಿಕೊಂಡಿತ್ತು. ತುದಿ ಕರಗಿದ ಸ್ಕ್ರೂಡ್ರೈವರ್ ಬಾಗಿಲ ಬಳಿ ಹಾರಿ ಬಿದ್ದಿತ್ತು. ಬಿದಿರು ಕಡ್ಡಿ ಗೋಡೆಯ ಮೊಳೆಗೆ ನೇತಾಡುತ್ತಲೇ ಇತ್ತು. ಅದನ್ನು ಇಳಿಸದೆಯೇ ಅವರು ಕೇಳಿದ್ದರು, ನೋಡದೆಯೇ ಕಾಕು ಹೇಳಿದ್ದರು. ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಕಾಕು ಕೂಡ ಆ ಮೊಳೆಯನ್ನೇ ನೋಡುತ್ತಿದ್ದರು.

ಎಲುಬು ಕೂಡಿತು. ಆದರೆ ಕಾಕಾ ಮತ್ತೆ ಆ ಮೇಜಿಗೆ ಕೂರಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಕಾಕು ಖಾನಾಪುರದಲ್ಲಿರುವ ತಂಗಿಯ ಮನೆಗೆ ಹೋದರು. ಹೋಗುವ ದಿನ ಬಸ್ ಸ್ಟ್ಯಾಂಡಿನಲ್ಲಿ, ನಾನು ಕೇಳದೆಯೇ ಹೇಳಿದರು:

"ಒಂದ್ ಸಲ ಬೈದಿದ್ರ ಬೇಷಿತ್ತ, ಯವ್ವಾ. ಬೈಲಿಲ್ಲ. ಅವತ್ತಿನಿಂದ ನನ್ನ ಹತ್ರ ಏನೂ ಕೇಳಲೇ ಇಲ್ಲ ಅವ್ರು. ಚಾ ಬೇಕಂದ್ರೂ ತಾವ ಎದ್ದು ಒಳಗ ಬರತಿದ್ರು."

ಕಾಕಾನನ್ನು ಕೊಂದದ್ದು ಶ್ವಾಸಕೋಶದ ಕಾಯಿಲೆ ಎಂದು ಹೇಳಬಹುದಿತ್ತು. ಡಾಕ್ಟರು ಅದನ್ನು ಹೇಳಿಯಾಗಿತ್ತು. ನಾನು ಕಾಕುವಿನ ಚೀಲವನ್ನು ಬಸ್ಸಿನೊಳಗೆ ಇಟ್ಟು ಬಂದೆ.

ಕಾಕಾ ಬಿದ್ದ ದಿನ ಅರ್ಧಕ್ಕೆ ನಿಂತ ರೇಡಿಯೋವನ್ನೂ ಅವರ ಉಪಕರಣಗಳನ್ನೂ ಕಾಕು ನಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದರು. ಈ ವರ್ಷ ಮಾಜಿ ಸೈನಿಕರ ಸಭಾಭವನವೊಂದರವರು ಅದನ್ನು ಪ್ರದರ್ಶನಕ್ಕೆ ಇಡಲು ಕೇಳಿದರು. "ಕೊಡೂಣು," ಎಂದರು ಕಾಕು ಫೋನಿನಲ್ಲಿ. "ಆದ್ರ ಅದು ಮಾತಾಡೂದು ನಾ ಒಮ್ಮೆ ಕೇಳಬೇಕು." ಕಾಕಾನ ಉಪಕರಣಗಳಿಂದಲೇ ಹಳೆಯ ಕಂಡೆನ್ಸರುಗಳನ್ನು ಒಂದೊಂದಾಗಿ ಬದಲಿಸಿದೆ. ಶನಿವಾರ ಸಂಜೆ ಬಲ್ಬಿನ ಮೂಲಕ ಕರೆಂಟು ಕೊಟ್ಟಾಗ ಬಲ್ಬು ಒಮ್ಮೆ ಹೊಳೆದು ಮಂಕಾಯಿತು, ರೇಡಿಯೋ ಗುಂಯ್‌ಗುಟ್ಟಿತು, ಯಾವುದೋ ಸ್ಟೇಷನ್ನಿನ ಮರಾಠಿ ಮಾತು ಬಂತು. ಒಂದೇ ಒಂದು ಕಂಡೆನ್ಸರ್ ಬಿಸಿಯಾಗುತ್ತಿತ್ತು. ಅದನ್ನು ಬದಲಿಸಲು ಸ್ಕ್ರೂಡ್ರೈವರ್ ಎತ್ತಿಕೊಂಡವಳು, ಮೀಟರು ನೋಡಿ ಉತ್ತರಿಸಲು ಇನ್ನೊಬ್ಬರು ಬೇಕೆಂದು ಹಾಗೆಯೇ ಬಿಟ್ಟು ಕಾಕುಗೆ ಫೋನು ಮಾಡಿದೆ.

ಮರುದಿನ ಮುಂಜಾನೆಯ ರೈಲಿಗೆ ಅವರು ಬಂದರು. ಬಂದವರು ನಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತರು. ಮೇಜಿನತ್ತ ಬರಲಿಲ್ಲ. ರೇಡಿಯೋ ಸ್ವಲ್ಪ ಹೊತ್ತು ಮಾತಾಡಿತು. ಅವರು ನೆಲ ನೋಡುತ್ತ ಕೇಳಿದರು. ನಾನು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬಿದಿರು ಕಡ್ಡಿ ಹಿಡಿದೆ. ಮುಳ್ಳು ಸೊನ್ನೆಗೆ ಇಳಿಯಿತು.

"ಸತ್ತೈತೇನ್ರೀ ಕಾಕು?"

ಅಲ್ಲಿಂದಲೇ ಉತ್ತರಿಸಲು ಅವರ ತುಟಿ ತೆರೆದದ್ದು ಕಂಡಿತು. ಮತ್ತೆ ಮುಚ್ಚಿಕೊಂಡಿತು. ನಾನು ಎತ್ತಿಕೊಂಡಿದ್ದ ಸ್ಕ್ರೂಡ್ರೈವರನ್ನು ಕಡ್ಡಿಯ ಪಕ್ಕ ಮೇಜಿನ ಮೇಲಿಟ್ಟು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಾದೆ. ಅವರು ಗೋಡೆ ಹಿಡಿದು ಎದ್ದು ಬಂದರು. ಕನ್ನಡಕವನ್ನು ಸೆರಗಿನಿಂದ ಒರೆಸಿ, ಮೀಟರಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು.

"ಸೊನ್ನಿ ಐತಿ," ಎಂದರು. ಆಮೇಲೆ, "ಇನ್ನೊಮ್ಮೆ ಹಚ್ಚು ಅದನ್ನ."

ನಾನು ಇನ್ನೊಮ್ಮೆ ತಂತಿ ಹಚ್ಚಿದೆ.