ಬಾಣಂತಿಗೊಂದು ಬಾಗಿಲು

ಇಂಡಿ ತಾಲ್ಲೂಕು ಕಚೇರಿಯಲ್ಲಿ ವಿಪತ್ತು ನಿರ್ವಹಣೆಯ ಕೆಲಸಕ್ಕೆ ಸೇರಿದ ಮೇಲೆ ಅದು ನನ್ನ ಎರಡನೆಯ ಮಳೆಗಾಲ. ಭೀಮಾ ದಂಡೆಯ ಹಳ್ಳಿಗಳಿಗೆ ಪ್ರವಾಹ ಬಂದರೆ ಜನರನ್ನು ಯಾವ ದಾರಿಯಿಂದ ಯಾವ ಕಾಳಜಿ ಕೇಂದ್ರಕ್ಕೆ ಸಾಗಿಸಬೇಕೆಂದು ಮೊದಲೇ ಯೋಜನೆ ಬರೆದಿಡುವುದು ನನ್ನ ಕೆಲಸ. ಕಾಳಜಿ ಕೇಂದ್ರವೆಂದರೆ ಹೆಚ್ಚಾಗಿ ಎತ್ತರದಲ್ಲಿರುವ ಒಂದು ಶಾಲೆ.

ಮೇಲಿನ ಜಲಾಶಯದಿಂದ ನೀರು ಬಿಟ್ಟ ದಿನ ಒಂದು ಹಳ್ಳಿಗೆ ಹೋದೆ. ಸಂಜೆಯೊಳಗೆ ಶಾಲೆಯ ದಾರಿಯಲ್ಲಿದ್ದ ಹಳ್ಳದ ಸೇತುವೆ ಮುಳುಗುವುದಿತ್ತು. ದಂಡೆಯ ಓಣಿಯಲ್ಲಿ ಗುರುಬಸವ್ವನ ಮನೆಯವರು ಮಾತ್ರ ಉಳಿದಿದ್ದರು. ಮಗಳು ತವರಿಗೆ ಬಂದು ಹಡೆದಿದ್ದಳು.

“ಕೂಸಿನ್ನ ಇನ್ನೂ ತೊಟ್ಟಿಲದಾಗ ಹಾಕಿಲ್ಲ. ನಿಮ್ಮ ಸಾಲ್ಯಾಗ ನಾಕೂ ಕಡಿ ಗಾಳಿ. ತಂಪ ಹತ್ತಿದ್ರ ಯಾರ ನೋಡವ್ರು?” ಎಂದಳು ಗುರುಬಸವ್ವ.

“ಹೊಳಿ ಮನಿಯೊಳಗ ಬಂದ್ರ ಇನ್ನೂ ತಂಪ ಆಗತೈತ್ರಿ, ಅವ್ವಾರ.”

“ತಂಗಿ, ನಿನಗ ಲಗ್ನ ಆಗೈತೇನ?”

“ಇಲ್ರಿ.”

“ಮತ್ತ ಬಾಣಂತನದ ಮಾತ ನನ್ನ ಮುಂದ ಆಡಬ್ಯಾಡ.”

ಒಳಕೋಣೆಯಲ್ಲಿ ಮಗಳು ನಕ್ಕಳು. ಅವಳು ಮಲಗಿದ್ದ ಹೊರಸಿನ ಕೆಳಗೆ ಕೆಂಡದ ಶೆಗಡಿ ಇತ್ತು. ಬರಲು ಏನೇನು ಬೇಕು ಎಂದು ಗುರುಬಸವ್ವನನ್ನೇ ಕೇಳಿದೆ.

“ಹೊರಸ ಬೇಕು, ಶೆಗಡಿ ಬೇಕು, ಮುಚ್ಚಾಕ ಬಾಗಿಲ ಬೇಕು. ಕೊಡ್ತೀಯೇನ?”

ನನ್ನ ಯೋಜನೆಯಲ್ಲಿ ಹೊದಿಕೆ, ಹಾಲಿನ ಪುಡಿ, ಶೌಚಾಲಯ ಎಲ್ಲ ಇದ್ದವು. ಬಾಣಂತಿಗೆ ಮುಚ್ಚಿಕೊಳ್ಳಲು ಬಾಗಿಲಿರಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಅವರ ಕೋಣೆ ಕೇಳಿದೆ.

“ನನ್ನ ಕುರ್ಚಿ ಎಲ್ಲಿಡ್ಲಿ, ಮೇಡಂ?”

“ಪಡಸಾಲ್ಯಾಗ ಇಡ್ರಿ ಸರ್.”

ಗುರುಬಸವ್ವನ ಮಗ ಮಲ್ಲಪ್ಪ ಹೊರಸನ್ನೇ ಟ್ರ್ಯಾಕ್ಟರಿಗೆ ಏರಿಸಿ ಸುತ್ತಲೂ ತಾಡಪಾಲು ಕಟ್ಟಿದ. ಕೆಂಡ ತೆಗೆದು ಆರಿಸಿದ ಶೆಗಡಿಯನ್ನು ಗುರುಬಸವ್ವ ಯಾರ ಕೈಗೂ ಕೊಡದೆ ಮಡಿಲಲ್ಲಿಟ್ಟುಕೊಂಡಳು. ಸೇತುವೆಯ ಮೇಲೆ ಆಗಲೇ ನೀರು ಹರಿಯುತ್ತಿತ್ತು. ಮಲ್ಲಪ್ಪ ನಿಧಾನಕ್ಕೆ ದಾಟಿಸಿದ. ಶಾಲೆಯಲ್ಲಿ ಶೆಗಡಿ ಮತ್ತೆ ಹೊತ್ತಿತು. ಹೊಗೆಗೆ ಮೇಲಿನ ಕಿಟಕಿ ತೆರೆದಿಡಬೇಕೆಂದು ಕೇಂದ್ರದ ನರ್ಸ್, ಮುಚ್ಚಬೇಕೆಂದು ಗುರುಬಸವ್ವ. ಆ ಜಗಳದ ನಡುವೆ ಕೂಸು ನಿದ್ದೆಹೋಯಿತು. ನೀರು ಇಳಿದ ಮೇಲೆ ಹೋಗಿ ನೋಡಿದಾಗ ಅವರ ಒಳಕೋಣೆಯ ಗೋಡೆ ಬಿದ್ದಿತ್ತು.

ಮರುವರ್ಷದ ಯೋಜನೆಯಲ್ಲಿ ಪ್ರತಿ ಕೇಂದ್ರಕ್ಕೂ ಬಾಗಿಲಿರುವ ಒಂದು ಬಾಣಂತಿ ಕೋಣೆ ಎಂದು ಬರೆದೆ. ‘ಮಹಿಳೆಯರು’ ಎಂಬ ಕಲಂನಲ್ಲಿಯೇ ಸೇರಿಸಿ ಎಂಬ ಮೇಲಧಿಕಾರಿಗಳ ಷರಾದೊಂದಿಗೆ ವಾಪಸ್ ಬಂತು. ಮತ್ತೆ ಬರೆದೆ, ಮತ್ತೆ ಬಂತು. ಈ ವರ್ಷವೂ ಕಳಿಸಿದ್ದೇನೆ. ಉತ್ತರ ಬರುವವರೆಗೆ ಅಂಗನವಾಡಿಯವರಿಗೆ ಫೋನ್ ಮಾಡಿ, ಯಾವ ಓಣಿಯಲ್ಲಿ ಯಾರು ಹಡೆದಿದ್ದಾರೆ ಎಂದು ನಾನೇ ಕೇಳಿಕೊಳ್ಳುತ್ತೇನೆ.

ಸ್ಥಳಾಂತರಕ್ಕೆ ಜನ ಒಪ್ಪಲಿಲ್ಲ ಎಂದು ನಾವು ವರದಿ ಬರೆಯುತ್ತೇವೆ. ಎಂಥ ಜಾಗಕ್ಕೆ ಕರೆದೆವು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ.